ಕಾಸಾಬ್ಲಾಂಕಾದಿಂದ ಕೈರೋಗೆ ಐದು ಗಂಟೆ

ಮೊರಾಕೊದ ಕಾಸಾಬ್ಲಾಂಕಾದಿಂದ ಈಜಿಪ್ಟಿನ ಕೈರೋಗೆ ಆಕಾಶಮಾರ್ಗದಲ್ಲಿ ಸುಮಾರು 3,700 ಕಿಲೋಮೀಟರ್. ನೇರ ವಿಮಾನಕ್ಕೆ ಹೆಚ್ಚುಕಡಿಮೆ ಐದು ಗಂಟೆ ಸಾಕು. ಮರಳುವಾಗ ತುಸು ಅಧಿಕ ಬೇಕಾಗುತ್ತದೆ. ಆ ಎತ್ತರದಲ್ಲಿ ಗಾಳಿ ಸಾಮಾನ್ಯವಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ ಹೋಗುವ ವಿಮಾನವನ್ನು ಅದು ತಳ್ಳುತ್ತದೆ, ಬರುವ ವಿಮಾನವನ್ನು ತಡೆಯುತ್ತದೆ. ಇಬ್ನ್ ಬತೂತಾರ ಬಗ್ಗೆ ಪಾಠ ಮಾಡುವಾಗ ನಾನು ಮಕ್ಕಳಿಗೆ ಮೊದಲು ಈ ಲೆಕ್ಕವನ್ನು ಹೇಳುತ್ತೇನೆ.

ನಮ್ಮ ಹೊನ್ನಾವರದಲ್ಲಿ ಬಾಲಕಿಯರಿಗೆಂದೇ 13 ಶಾಲೆಗಳನ್ನು ಕಂಡೆನೆಂದು ದಾಖಲಿಸಿದ ಇಬ್ನ್ ಬತೂತಾ ಅವರೇ. ಹಿಜರಿ 725ರ ರಜಬ್ 2ರಂದು, ಅಂದರೆ 1325ರ ಜೂನ್‌ನಲ್ಲಿ, ಹಜ್ಜ್ ನಿರ್ವಹಿಸಲು ಅವರು ಟ್ಯಾಂಜಿಯರ್‌ನಿಂದ ಒಂಟಿಯಾಗಿ ಹೊರಟರು. ವಯಸ್ಸು 21. (ಇಂದು ಆ ಊರಿನ ವಿಮಾನ ನಿಲ್ದಾಣಕ್ಕೆ ಅವರದೇ ಹೆಸರು.) ದಾರಿಯಲ್ಲಿ ಜ್ವರ ಬಂತು. ನಿತ್ರಾಣದಿಂದ ಕೆಳಗೆ ಬಿದ್ದೇನೆಂದು ಪೇಟದ ಬಟ್ಟೆಯಿಂದ ತಮ್ಮನ್ನು ಜೀನಿಗೆ ಕಟ್ಟಿಕೊಂಡು ಸವಾರಿ ಮಾಡಿದರು. ಟ್ಯೂನಿಸ್ ತಲುಪಿದಾಗ ಊರವರು ಸಂಗಡಿಗರನ್ನು ಸಲಾಂ ಹೇಳಿ ಬರಮಾಡಿಕೊಂಡರು. ಇವರನ್ನು ಮಾತನಾಡಿಸುವವರು ಯಾರೂ ಇರಲಿಲ್ಲ. ಇವರು ಅತ್ತುಬಿಟ್ಟರು. ಅದನ್ನು ಗಮನಿಸಿದ ಯಾತ್ರಿಕರೊಬ್ಬರು ಬಳಿಗೆ ಬಂದು ಸಲಾಂ ಹೇಳಿ ಸಂತೈಸಿದರು. ಅಲೆಕ್ಸಾಂಡ್ರಿಯಾ ಸೇರಿದ್ದು 1326ರ ಏಪ್ರಿಲ್‌ನಲ್ಲಿ; ಕೈರೋ ಇನ್ನೂ ಮುಂದೆಯೇ ಇತ್ತು.

ದೂರ ಬೇರೆ, ಸಮಯ ಬೇರೆ ಎಂಬುದನ್ನು ನಮ್ಮ ಕರ್ಮಶಾಸ್ತ್ರ ಬಹಳ ಹಿಂದೆಯೇ ಗುರುತಿಸಿದೆ. ನಮಾಝನ್ನು ಕಸ್ರ್ ಮಾಡಲು ಶಾಫಿಈ ವಿದ್ವಾಂಸರು ನಿಗದಿಪಡಿಸಿದ ದೂರ ಎರಡು ಮರ್ಹಲ. ಕಡಲಿನಲ್ಲಿ ಆ ದೂರವನ್ನು ಒಂದೇ ಗಳಿಗೆಯಲ್ಲಿ ಕ್ರಮಿಸಿದರೂ ಕಸ್ರ್ ಮಾಡಬಹುದೆಂದು ಇಮಾಮ್ ನವವಿ ‘ಮಿನ್ಹಾಜ್’ನಲ್ಲಿ ತಿಳಿಸಿದ್ದಾರೆ. ಅವರು ನಿಧನರಾದದ್ದು 1277ರಲ್ಲಿ! ವಿಮಾನದಲ್ಲಿ ಕಸ್ರ್ ಉಂಟೇ ಎಂದು ಕೇಳುವ ಹುಡುಗರಿಗೆ ಈ ವಾಕ್ಯವನ್ನು ತೋರಿಸುವಾಗ ನನಗೆ ಈಗಲೂ ರೋಮಾಂಚನವಾಗುತ್ತದೆ.

ಆದರೆ ಮಕ್ಕಳ ಮುಂದೆ ನನ್ನ ಧ್ವನಿ ತಗ್ಗುವುದು ಬೇರೊಂದು ಕಡೆ. ಇಬ್ನ್ ಬತೂತಾ ಹೊರಟಾಗ ತಂದೆತಾಯಿ ಇಬ್ಬರೂ ಬದುಕಿದ್ದರು. 1348ರಲ್ಲಿ ದಮಾಸ್ಕಸ್‌ನಲ್ಲಿ ಅವರಿಗೆ ತಂದೆಯ ಮರಣವಾರ್ತೆ ತಿಳಿಯಿತು. ತಂದೆ ತೀರಿಕೊಂಡು ಹದಿನೈದು ವರ್ಷಗಳಾಗಿದ್ದವು. ಮರುವರ್ಷ, ಊರು ಹತ್ತಿರವಾಗುತ್ತಿದ್ದಾಗ, ತಾಯಿಯೂ ಪ್ಲೇಗಿಗೆ ಬಲಿಯಾದರೆಂಬ ಸುದ್ದಿ ಬಂತು. ಟ್ಯಾಂಜಿಯರ್‌ಗೆ ಹೋಗಿ ಅವರು ತಾಯಿಯ ಕಬರನ್ನು ಸಂದರ್ಶಿಸಿದರು.

ನಮ್ಮ ತಂದೆ ಇಹಲೋಕ ತ್ಯಜಿಸಿದಾಗ ಅಣ್ಣ ದಮ್ಮಾಮಿನಲ್ಲಿದ್ದರು. ಸುದ್ದಿ ಅವರಿಗೆ ಹತ್ತು ನಿಮಿಷದೊಳಗೆ ತಲುಪಿತು. ಅಲ್ಲಿಂದ ಮಂಗಳೂರಿಗೆ ನಾಲ್ಕೂವರೆ ಗಂಟೆಯ ಹಾರಾಟ, ಕೈರೋ ದಾರಿಗಿಂತಲೂ ಕಡಿಮೆ. ಆದರೆ ಪಾಸ್‌ಪೋರ್ಟ್ ಧಣಿಯ ಬಳಿಯಿತ್ತು, ಧಣಿ ಊರಿನಲ್ಲಿರಲಿಲ್ಲ. ಮಯ್ಯಿತ್ತನ್ನು ಕಾಯಿಸುವುದು ಬೇಡವೆಂದು ಅಣ್ಣನೇ ಫೋನಿನಲ್ಲಿ ಹೇಳಿದರು. ಅಸರ್ ಬಳಿಕ ದಫನ ಮಾಡಿದೆವು. ಅಲ್ಲಿನ ತಮ್ಮ ಕೋಣೆಯಲ್ಲಿ ಅವರೂ ಐದಾರು ಗೆಳೆಯರೂ ಸೇರಿ ಗೈಬ್ ಜನಾಝಾ ನಮಾಝ್ ನಿರ್ವಹಿಸಿದರಂತೆ. ನಾಲ್ಕನೆಯ ದಿನ ಬಂದವರು ಮನೆಯೊಳಗೆ ಕಾಲಿಡದೆ, ಬ್ಯಾಗನ್ನು ಜಗಲಿಯ ಮೇಲಿಟ್ಟು, ಉಮ್ಮನ ಕೈಯನ್ನೊಮ್ಮೆ ಹಿಡಿದು, ನೇರವಾಗಿ ಮಸೀದಿಯ ಹಿಂಬದಿಗೆ ನಡೆದರು. ಯಾವ ಕಬರೆಂದು ತೋರಿಸಲು ನಾನು ಜೊತೆಗೆ ಹೋದೆ.