ಅಗ್ಗದ ಫೋನು

ಅಗ್ಗವಾಗಿ ಸಿಕ್ಕುವ ವಸ್ತುವಿನ ವಿಷಯದಲ್ಲಿ ನಮ್ಮ ಹಿರಿಯರಿಗೆ ಒಂದು ಬಗೆಯ ಗುಮಾನಿ ಇತ್ತು. ಸಂತೆಯಲ್ಲಿ ಯಾರಾದರೂ ಹಸುವನ್ನು ತೀರ ಕಡಿಮೆ ಬೆಲೆಗೆ ಕೊಡುತ್ತೇನೆಂದರೆ ಮೊದಲು ಹಸುವಿನ ಹಲ್ಲು ನೋಡುತ್ತಿದ್ದರು; ಆಮೇಲೆ ಕೊಡುವವನ ಮುಖ ನೋಡುತ್ತಿದ್ದರು. ಎರಡನೆಯದೇ ಮುಖ್ಯವೆಂದು ನನ್ನ ತಂದೆ ಹೇಳುತ್ತಿದ್ದುದುಂಟು. ಈಗ ನಾವು ಹಸು ಕೊಳ್ಳುವುದಿಲ್ಲ, ಫೋನು ಕೊಳ್ಳುತ್ತೇವೆ. ಅದರ ಹಲ್ಲನ್ನೇನೋ ಚೆನ್ನಾಗಿಯೇ ನೋಡುತ್ತೇವೆ: ಕ್ಯಾಮೆರಾ ಎಂಥದು, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಗಾಜು ಎಷ್ಟು ಅಗಲ. ಆದರೆ ಕೊಡುವವನ ಮುಖ ನೋಡುವುದಿಲ್ಲ. ನೋಡೋಣವೆಂದರೂ ಆತ ಎದುರಿಗಿರುವುದಿಲ್ಲ. ಅವನ ಬದಲು ಗೋಡೆಯ ಮೇಲೆ ಯಾರೋ ಸಿನಿಮಾ ನಟ ನಗುತ್ತಿರುತ್ತಾನೆ.

ನಾನಿರುವುದು ತಿತಿಮತಿಯಲ್ಲಿ. ಹುಣಸೂರಿನಿಂದ ಗೋಣಿಕೊಪ್ಪಲಿಗೆ ಹೋಗುವ ಬಸ್ಸಿನಲ್ಲಿ ಕುಳಿತವರಿಗೆ ಆನೆಚೌಕೂರಿನ ಕಾಡು ಕಳೆದು, ಮತ್ತಿಗೋಡಿನ ಆನೆ ಶಿಬಿರ ದಾಟಿ, ಅಂಗಡಿಸಾಲು ಕಂಡಿತು ಎನ್ನುವಷ್ಟರಲ್ಲಿ ಮುಗಿದುಹೋಗುವ ಊರು. ಒಂದು ಕಡೆ ಕಾಡು, ಇನ್ನೊಂದು ಕಡೆ ಕಾಫಿ ತೋಟ; ಎರಡೂ ತಮ್ಮವೇ ಎಂದು ತಿಳಿದಿರುವ ಆನೆಗಳು. ಮೇಷ್ಟರ ಕೆಲಸದಿಂದ ನಿವೃತ್ತನಾದ ನನಗೆ ಸಂಜೆಯ ಹೊತ್ತು ಇಲ್ಲಿನ ಫೋನಿನ ಅಂಗಡಿಯೊಂದರಲ್ಲಿ ಒಂದು ಸ್ಟೂಲು ಸಿಗುತ್ತದೆ. ಅಲ್ಲಿ ಕುಳಿತು ಬಂದವರನ್ನೂ ಹೋದವರನ್ನೂ ನೋಡುತ್ತ ನನಗೆ ಒಂದು ಸಂಶಯ ಹುಟ್ಟಿತು. ಮಾತು ಮಾರುವ ಕಂಪೆನಿಗೆ ಫೋನು ಮಾರುವ ಉಸಾಬರಿ ಏಕೆ? ನಲ್ಲಿಯಲ್ಲಿ ನೀರು ಬಿಡುವ ಪುರಸಭೆ ಬಿಂದಿಗೆ ಮಾರಲು ಬರುವುದಿಲ್ಲ. ಇವರು ಮಾತ್ರ ನೂರಾರು ಫೋನುಗಳಲ್ಲಿ ಒಂದನ್ನು ಆರಿಸಿ, ಅದಕ್ಕೆ ಹಾರ ಹಾಕಿ, ಊರೂರು ಮೆರವಣಿಗೆ ಮಾಡಿಸುತ್ತಾರಲ್ಲ, ಆ ಭಾಗ್ಯ ಅದಕ್ಕೇ ಏಕೆ ಬಂತು?

ನಮ್ಮ ದೇಶದಲ್ಲಿ ಈ ಮೆರವಣಿಗೆ ದೊಡ್ಡದಾಗಿ ಹೊರಟದ್ದು 2003ರ ಮಳೆಗಾಲದಲ್ಲಿ. ಹಿಂದಿನ ವರ್ಷದ ಡಿಸೆಂಬರಿನಲ್ಲಿ ಪ್ರಾರಂಭವಾಗಿದ್ದ ರಿಲಯನ್ಸ್ ಇನ್ಫೋಕಾಮ್, 501 ರೂಪಾಯಿ ಕೊಟ್ಟರೆ ಫೋನನ್ನು ಕೈಗಿಡುವುದಾಗಿ ಸಾರಿತು. ಫೋನೆಂದರೆ ಸಾಹುಕಾರರ ಸೊಂಟದಲ್ಲಿರುವ ವಸ್ತು ಎಂದು ತಿಳಿದಿದ್ದ ಕಾಲ ಅದು. ಜನ ಸಾಲುಗಟ್ಟಿ ನಿಂತರು. ಆದರೆ ಆ ಕಂಪೆನಿಯದು ಸಿ.ಡಿ.ಎಂ.ಎ. ಎಂಬ ಪದ್ಧತಿ, ಉಳಿದ ಬಹುಪಾಲು ಕಂಪೆನಿಗಳದು ಜಿ.ಎಸ್.ಎಂ. ಆ ಫೋನಿನಲ್ಲಿ ತೆಗೆದು ಹಾಕುವ ಸಿಮ್ ಕಾರ್ಡೇ ಇರಲಿಲ್ಲ. ಕಂಪೆನಿ ಬೇಡವೆಂದರೆ ಫೋನೂ ಬೇಡವೆಂದೇ ಅರ್ಥ. ಪೇಟೆಯಲ್ಲಿದ್ದ ಬೇರೆ ಫೋನುಗಳು ಆ ಕಂಪೆನಿಗೆ ಉಪಯೋಗವಿಲ್ಲ. ಆದ್ದರಿಂದ ಅದು ತನಗೆ ಹೊಂದುವ ಫೋನನ್ನು ತಾನೇ ಹಂಚಬೇಕಾಗಿ ಬಂತು. ಆನೆಯನ್ನು ಅಗ್ಗವಾಗಿ ಕೊಟ್ಟು ಅಂಕುಶವನ್ನು ತನ್ನ ಕೈಯಲ್ಲೇ ಇಟ್ಟುಕೊಂಡ ಹಾಗೆ. ಮತ್ತಿಗೋಡಿನ ಪಕ್ಕದಲ್ಲಿರುವ ನನಗೆ ಬೇರೆ ಹೋಲಿಕೆ ಹೊಳೆಯುವುದಿಲ್ಲ.

ಅಮೆರಿಕದವರು ಇದನ್ನು ಇನ್ನೂ ನಯವಾಗಿ ಮಾಡಿದರು. 2007ರ ಜೂನ್ 29ರಂದು ಐಫೋನು ಅಲ್ಲಿ ಮಾರಾಟಕ್ಕೆ ಬಂದಾಗ ಅದು ಎ.ಟಿ. ಅಂಡ್ ಟಿ. ಎಂಬ ಒಂದೇ ಕಂಪೆನಿಯ ಜೊತೆ ಬಂತು. ಆ ಫೋನಿಗಾಗಿ ಜನ ಬೇರೆ ಕಂಪೆನಿಗಳನ್ನು ಬಿಟ್ಟು ಇಲ್ಲಿಗೆ ಬಂದರು. ಪ್ರತಿಸ್ಪರ್ಧಿ ವೆರೈಝನ್‌ನ ಬಳಿ ಐಫೋನಿಲ್ಲ. 2011ರ ಫೆಬ್ರವರಿಯವರೆಗೂ ಸಿಗಲಿಲ್ಲ. ಕೈಕಟ್ಟಿ ಕೂರುವುದು ಹೇಗೆ? ಅದು 2009ರ ನವೆಂಬರಿನಲ್ಲಿ ಮೊಟೊರೋಲಾ ಮಾಡಿದ ಡ್ರಾಯ್ಡ್ ಎಂಬ ಫೋನನ್ನು ಎತ್ತಿ ಹಿಡಿಯಿತು. ಜಾಹೀರಾತಿನಲ್ಲಿ ಐಫೋನಿಗೆ ಏನೇನು ಬರುವುದಿಲ್ಲ ಎಂಬ ಪಟ್ಟಿಯನ್ನೇ ಓದಿಸಿತು. ಅಂದರೆ ಡ್ರಾಯ್ಡ್‌ಗೆ ಸಿಂಹಾಸನ ಸಿಕ್ಕಿದ್ದು ಅದರ ಗುಣದಿಂದ ಎಷ್ಟೋ, ಎದುರು ಮನೆಯಲ್ಲಿ ಐಫೋನು ಇದ್ದುದರಿಂದಲೂ ಅಷ್ಟೇ.

ಅದೇ ಐಫೋನಿನ 3ಜಿ ಮಾದರಿ 2008ರ ಆಗಸ್ಟಿನಲ್ಲಿ ಏರ್‌ಟೆಲ್ ಮತ್ತು ವೊಡಾಫೋನ್ ಕಂಪೆನಿಗಳ ಕೈಹಿಡಿದು ನಮ್ಮ ದೇಶಕ್ಕೂ ಬಂತು. ಬೆಲೆ 31,000 ರೂಪಾಯಿ. ಸೊಗಸೇನೆಂದರೆ ಆಗ ಈ ಎರಡು ಕಂಪೆನಿಗಳ ಬಳಿಯೂ 3ಜಿ ಅಲೆ ಇರಲಿಲ್ಲ. ಸರ್ಕಾರ ಖಾಸಗಿಯವರಿಗೆ ಅದನ್ನು ಹರಾಜು ಹಾಕಿದ್ದೇ 2010ರಲ್ಲಿ. ರಸ್ತೆ ಹಾಕುವ ಮೊದಲೇ ಮೋಟಾರು ತರಿಸಿ ಅಂಗಳದಲ್ಲಿ ನಿಲ್ಲಿಸಿದಂತೆ. ಇಲ್ಲಿ ಫೋನು ಆಯ್ಕೆಯಾದದ್ದು ಕೆಲಸಕ್ಕಲ್ಲ, ಪ್ರತಿಷ್ಠೆಗೆ.

ಅಮೆರಿಕದಲ್ಲಿ ಎರಡು ವರ್ಷದ ಕರಾರು ಬರೆಸಿಕೊಂಡು ಫೋನಿನ ಬೆಲೆಯನ್ನು ತಿಂಗಳ ಬಿಲ್ಲಿನಲ್ಲಿ ಮೆಲ್ಲಗೆ ವಸೂಲು ಮಾಡುತ್ತಿದ್ದರು. ನಮ್ಮವರು ಕರಾರಿನ ಜನವಲ್ಲ. ಹಣವಿದ್ದಾಗ ರೀಚಾರ್ಜ್, ಇಲ್ಲದಾಗ ಮಿಸ್ಡ್ ಕಾಲ್. 2011ರ ಜನವರಿಯಿಂದ ನಂಬರು ಬದಲಾಯಿಸದೆ ಕಂಪೆನಿ ಬದಲಾಯಿಸುವ ಅನುಕೂಲ ದೇಶಕ್ಕೆಲ್ಲ ಬಂದ ಮೇಲಂತೂ ಗಿರಾಕಿ ಗಾಳಿಪಟವಾದ. ಅವನನ್ನು ದಾರಕ್ಕೆ ಕಟ್ಟುವುದು ಹೇಗೆ?

ಉತ್ತರ 2017ರಲ್ಲಿ ಬಂತು. ಹಿಂದಿನ ವರ್ಷ ಸೇವೆ ಆರಂಭಿಸಿದ್ದ ಜಿಯೋ ಬರೀ 4ಜಿ ಕಂಪೆನಿ. ಹಳೆಯ ಗುಂಡಿಯ ಫೋನು ಇಟ್ಟುಕೊಂಡವರು ಬೇಕೆಂದರೂ ಅದರ ಗಿರಾಕಿಗಳಾಗುವಂತಿರಲಿಲ್ಲ. ಹಾಗಾಗಿ ಗುಂಡಿಗಳೇ ಇರುವ ಒಂದು 4ಜಿ ಫೋನನ್ನು ಅದು ಮಾಡಿಸಿತು. 1,500 ರೂಪಾಯಿ ಠೇವಣಿ, ಮೂರು ವರ್ಷದ ಮೇಲೆ ವಾಪಸು, ಆದ್ದರಿಂದ ಬೆಲೆ ಸೊನ್ನೆ ಎಂದು ಲೆಕ್ಕ ಹೇಳಿತು. ಇದನ್ನು ನೋಡಿ ಅದೇ ವರ್ಷ ಏರ್‌ಟೆಲ್ ಕಾರ್ಬನ್ ಜೊತೆ ಕೈಜೋಡಿಸಿತು; ವೊಡಾಫೋನ್ ಮತ್ತು ಬಿ.ಎಸ್.ಎನ್.ಎಲ್. ಮೈಕ್ರೋಮ್ಯಾಕ್ಸ್ ಜೊತೆ.

ಏರ್‌ಟೆಲ್ಲಿನ ಲೆಕ್ಕ ನನ್ನಂಥ ಮೇಷ್ಟರಿಗೆ ಹಬ್ಬ. ಮೊದಲು ಕೊಡಬೇಕಾದದ್ದು 2,899 ರೂಪಾಯಿ. ತಿಂಗಳಿಗೆ 169ರ ರೀಚಾರ್ಜ್ ಮೂವತ್ತಾರು ತಿಂಗಳು. ಹದಿನೆಂಟು ತಿಂಗಳಾದಾಗ 500, ಮೂವತ್ತಾರು ತಿಂಗಳಾದಾಗ 1,000 ವಾಪಸು. ಆದ್ದರಿಂದ ಫೋನಿನ ಬೆಲೆ 1,399. ಲೆಕ್ಕ ಸರಿಯಾಗಿದೆ; ನಾನಾದರೂ ಪೂರ್ತಿ ಅಂಕ ಕೊಡುತ್ತಿದ್ದೆ. ಆದರೆ 169ನ್ನು 36ರಿಂದ ಗುಣಿಸಿದರೆ 6,084. ಅಷ್ಟಕ್ಕೆ ಮಾತೂ ಇಂಟರ್ನೆಟ್ಟೂ ಸಿಕ್ಕುವುದು ನಿಜ, ಮೋಸವೇನಿಲ್ಲ. ಮಾರಾಟವಾದದ್ದು ಮಾತ್ರ ಫೋನಲ್ಲ, ಮೂವತ್ತಾರು ತಿಂಗಳು.

ಕೊಡಗಿನ ತೋಟಗಳಲ್ಲಿ ಮುಂಗಡವೆಂಬ ಮಾತಿಗೆ ಹಳೆಯ ಚರಿತ್ರೆಯಿದೆ. ಮೇಸ್ತ್ರಿ ಹೊರಗಿನಿಂದ ಆಳುಗಳನ್ನು ಕರೆತರುವಾಗ ಮೊದಲೇ ಕೈಗೆ ಒಂದಿಷ್ಟು ಹಣ ಇಡುತ್ತಿದ್ದ. ಆ ಹಣ ತೀರುವವರೆಗೆ ಆಳು ತೋಟ ಬಿಡುವಂತಿರಲಿಲ್ಲ. ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಫೋನಿನಿಂದ ಯಾರೂ ಜೀತಕ್ಕೆ ಬೀಳಲಿಲ್ಲ. ಎಷ್ಟೋ ಮನೆಗಳಿಗೆ ಮೊದಲ ಇಂಟರ್ನೆಟ್ಟು ಬಂದದ್ದೇ ಇಂಥ ಅಗ್ಗದ ಫೋನಿನಿಂದ. ಆದರೂ ಮೊದಲು ಕೈಗೆ ಕೊಡುವುದರ ಮರ್ಮ ಎರಡರಲ್ಲೂ ಒಂದೇ.

ಇದು ಬರೀ ಹಣದ ಮಾತಾಗಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ. ನಮ್ಮ ನೆರೆಯ ತೋಟದ ಲೈನಿನಲ್ಲಿ ಒಬ್ಬ ಹೆಂಗಸಿದ್ದಾಳೆ. ಕೆಲವು ವರ್ಷಗಳ ಹಿಂದೆ ಕಾಫಿ ಕೊಯ್ಲಿನ ಹಣದಲ್ಲಿ, ಗೋಣಿಕೊಪ್ಪಲಿನ ಸಂತೆಗೆ ಹೋದಾಗ, ಒಂದು ಕಂಪೆನಿಯ ಕೊಡೆಯ ಕೆಳಗೆ ಫೋನು ಕೊಂಡಳು. ಒಂದು ವರ್ಷದ ರೀಚಾರ್ಜನ್ನೂ ಜೊತೆಯಲ್ಲೇ ಸೇರಿಸಿ ಕೊಟ್ಟಿದ್ದರು. ಕಂಪೆನಿ ಯಾವುದೆಂದು ಹೇಳುವುದಿಲ್ಲ. ಹೆಸರು ಬದಲಾಯಿಸಿದರೂ ಕಥೆ ಬದಲಾಗುವುದಿಲ್ಲ. ವಾರ ಕಳೆದು ಆಕೆ ಅಂಗಡಿಗೆ ಬಂದು ನನ್ನ ಮುಂದೆ ಫೋನು ಇಟ್ಟಳು.

“ಮೇಷ್ಟ್ರೇ, ಇದು ಮನೇಲಿ ಮಾತಾಡೋದಿಲ್ಲ. ರಸ್ತೆ ಮೋರಿ ಹತ್ರ ಮಾತ್ರ ಮಾತಾಡ್ತದೆ.”

ಆ ಮೋರಿ ನನಗೆ ಗೊತ್ತು. ಕಾಡಿನಿಂದ ತೋಟಕ್ಕೆ ಆನೆ ದಾಟುವುದು ಅಲ್ಲೇ. ಮೈಸೂರಿನಲ್ಲಿ ಕೆಲಸಕ್ಕಿರುವ ಮಗಳಿಗೆ ಬಿಡುವಾಗುವುದು ರಾತ್ರಿ ಎಂಟರ ಮೇಲೆ. ಈಕೆ ಎಂಟು ಗಂಟೆಗೆ ಟಾರ್ಚು ಹಿಡಿದು ಮೋರಿಯ ಮೇಲೆ ನಿಂತು ಮಗಳ ಕ್ಷೇಮ ಕೇಳುತ್ತಿದ್ದಳು. ಬೆಳಿಗ್ಗೆ ಯಾವ ತೋಟದಲ್ಲಿ ಆನೆ ಇದೆಯೆಂದು ಮೇಸ್ತ್ರಿ ಫೋನಿನಲ್ಲಿ ಹೇಳುತ್ತಾನೆ. ಆ ಸುದ್ದಿಯನ್ನು ಕೇಳುವುದಕ್ಕೂ ಆನೆಯ ದಾರಿಗೇ ಹೋಗಬೇಕು.

ಅಂಗಡಿಯ ಯಜಮಾನರು ಫೋನು ತಿರುಗಿಸಿ ನೋಡಿ ವಿಷಯ ಬಿಡಿಸಿ ಹೇಳಿದರು. ಒಂದೊಂದು ಕಂಪೆನಿಯ ಮಾತು ಒಂದೊಂದು ಅಲೆಯ ಮೇಲೆ ಬರುತ್ತದೆ. 700, 850, 900 ಮೆಗಾಹರ್ಟ್ಸ್‌ನಂಥ ಕೆಳಗಿನ ಅಲೆಗಳು ದೂರ ಹೋಗುತ್ತವೆ. ಮರ, ಗೋಡೆಗಳನ್ನು ಹೆಚ್ಚು ಸಲೀಸಾಗಿ ದಾಟುತ್ತವೆ. 1800, 2300ರಂಥ ಮೇಲಿನ ಅಲೆಗಳಿಗೆ ಹೊರೆ ಹೊರುವ ಶಕ್ತಿ ಹೆಚ್ಚು, ನಡೆಯುವ ಶಕ್ತಿ ಕಡಿಮೆ. ಒದ್ದೆ ಎಲೆಯೆಂದರೆ ಸೋಲುತ್ತವೆ. ಪೇಟೆಗೆ ಎರಡನೆಯದು ಸಾಕು. ಸಿಲ್ವರ್ ಓಕಿನ ನೆರಳಲ್ಲಿ ಮಲಗಿದ ನಮ್ಮ ಲೈನುಗಳಿಗೆ ಮೊದಲನೆಯದು ಬೇಕು. ಎಲ್ಲ ಅಲೆಗಳನ್ನೂ ಹಿಡಿಯುವಂತೆ ಫೋನು ಮಾಡಿದರೆ ಖರ್ಚು ಏರುತ್ತದೆ. ಅಗ್ಗದ ಫೋನಿನಲ್ಲಿ, ಅದನ್ನು ಎತ್ತಿ ಹಿಡಿದ ಕಂಪೆನಿಗೆ ಬೇಕಾದ ಅಲೆಗಳಿದ್ದರೆ ಸಾಕಾಗುತ್ತದೆ. ಈಕೆಯ ಮನೆಗೆ ಮುಟ್ಟುವುದು ಬೇರೊಂದು ಕಂಪೆನಿಯ ಟವರು. ಅದರ ಅಲೆ ಈ ಫೋನಿಗೆ ಕೇಳಿಸದು. ಸಿಮ್ ಬದಲಾಯಿಸಿದರೂ ಅಷ್ಟೇ.

ಎಲ್ಲವನ್ನೂ ಕೇಳಿಕೊಂಡು ಆಕೆ ಒಂದು ಪ್ರಶ್ನೆ ಹಾಕಿದಳು: “ಆಧಾರ್ ಕಾರ್ಡು ನೋಡಿ ವಿಳಾಸ ಬರ್ಕೊಂಡ್ರಲ್ಲ ಮೇಷ್ಟ್ರೇ, ಮನೆ ಎಲ್ಲಿದೆ ಅಂತ ಅವ್ರಿಗೆ ಗೊತ್ತಾಗ್ಲಿಲ್ವ?”

ಯಜಮಾನರು ನಕ್ಕರು. ನನಗೆ ನಗು ಬರಲಿಲ್ಲ. ಇಷ್ಟು ವರ್ಷದ ಮೆರವಣಿಗೆಗಳನ್ನೆಲ್ಲ ನೆನೆಸಿಕೊಂಡರೂ, ಕೊಳ್ಳುವವರು ರಾತ್ರಿ ಎಲ್ಲಿ ಮಲಗುತ್ತಾರೆ ಎಂದು ಕೇಳಿ ಆರಿಸಿದ ಫೋನು ಯಾವುದೂ ನೆನಪಿಗೆ ಬರಲಿಲ್ಲ. ಒಂದನ್ನು ಅಲೆಗಾಗಿ ಆರಿಸಿದರು, ಒಂದನ್ನು ಎದುರಾಳಿಗಾಗಿ, ಒಂದನ್ನು ಪ್ರತಿಷ್ಠೆಗಾಗಿ, ಒಂದನ್ನು ಗಿರಾಕಿ ಹಾರಿಹೋಗದಿರಲೆಂದು. ವ್ಯಾಪಾರವೆಂದ ಮೇಲೆ ಅದು ತಪ್ಪೇನೂ ಅಲ್ಲ. ಆದರೆ ಅವರು ತಮಗಾಗಿ ಆರಿಸಿದ್ದನ್ನು ನಮಗಾಗಿ ಆರಿಸಿದ್ದೆಂದು ನಾವು ತಿಳಿಯಬೇಕಾಗಿಲ್ಲ. ಪೇಟೆಯಲ್ಲಿರುವ ಓದುಗರು ಇದು ಕಾಡಂಚಿನವರ ಕಷ್ಟವೆಂದು ಪಕ್ಕಕ್ಕಿಡಬಾರದು. ಬೆಂಗಳೂರಿನಲ್ಲಿ ಹೊಸ ಮನೆ ಮಾಡಿ, ಫೋನು ಬಂದಾಗಲೆಲ್ಲ ಬಾಲ್ಕನಿಗೆ ಓಡುವ ಮಹನೀಯರನ್ನೂ ನಾನು ಬಲ್ಲೆ. ಅವರ ಬಾಲ್ಕನಿಗೆ ಆನೆ ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಯಜಮಾನರು ಒಂದು ಕೆಲಸ ಮಾಡಿದರು. ತಮ್ಮ ಹಳೆಯ ಫೋನನ್ನು ಎರಡು ಕಂಪೆನಿಗಳ ಸಿಮ್ ಸಮೇತ ಆಕೆಗೆ ಒಂದು ರಾತ್ರಿಯ ಮಟ್ಟಿಗೆ ಕೊಟ್ಟು, “ಅಕ್ಕ, ಒಲೆ ಹತ್ರ ಕೂತು ನೋಡಿ, ಮಂಚದ ಹತ್ರ ನೋಡಿ, ಬೆಳಿಗ್ಗೆ ಬಂದು ಹೇಳಿ” ಎಂದರು. ಮೊದಲು ಟವರು, ಆಮೇಲೆ ಸಿಮ್, ಕೊನೆಗೆ ಫೋನು: ಇದು ಅವರ ಕ್ರಮ. ಜಾಹೀರಾತಿನ ಕ್ರಮ ಇದಕ್ಕೆ ಪೂರಾ ತಿರುವು ಮುರುವು.

ಮುಂದಿನ ಕೊಯ್ಲಿನ ಹಣ ಬಂದಾಗ, ಯಾವ ಕಂಪೆನಿಯೂ ಹಾರ ಹಾಕದ ಒಂದು ಸಾಧಾರಣ ಫೋನನ್ನು ಆಕೆ ಅವರಲ್ಲೇ ಕೊಂಡಳು. ಆ ರಾತ್ರಿ ಮಗಳಿಗೆ ಫೋನು ಮಾಡಿದಾಗ ಆ ಹುಡುಗಿಗೆ ಗಾಬರಿಯಾಯಿತಂತೆ: “ಎಲ್ಲಿಂದ ಮಾತಾಡ್ತಿದ್ದೀಯವ್ವ? ಲಾರಿ ಶಬ್ದಾನೇ ಇಲ್ವಲ್ಲ!”