ಡಾಲರ್ ಹುಟ್ಟಿದ ಕಣಿವೆ

ಕಾರ್ಲೊವಿ ವಾರಿಯಿಂದ ಹೊರಟ ಬಸ್ಸು ಕಾಡಿನ ಏರುದಾರಿ ಹಿಡಿಯುತ್ತಿದ್ದಂತೆ ಎರಡೂ ಕಡೆಯ ಗುಡ್ಡಗಳು ಹತ್ತಿರ ಸರಿದವು. ಇದು ಜೆಕ್ ದೇಶದ ಅಂಚು, ಗುಡ್ಡದಾಚೆ ಜರ್ಮನಿ. ಅಗಲಕ್ಕೆ ಜಾಗವಿಲ್ಲದೆ ಕಣಿವೆಯುದ್ದಕ್ಕೂ ಮೇಲೇರಿದ ಪುಟ್ಟ ಊರು ಯಾಖಿಮೊವ್. ದಿನಬೆಳಗಾದರೆ ನಮ್ಮ ಬಾಯಲ್ಲಿ ಬರುವ 'ಡಾಲರ್' ಹುಟ್ಟಿದ್ದು ಇಲ್ಲೇ!

ಜರ್ಮನ್ನರಿಗೆ ಕಣಿವೆ ಎಂದರೆ 'ಟಾಲ್'. 1516ರಲ್ಲಿ ಇಲ್ಲಿ ಬೆಳ್ಳಿ ಸಿಕ್ಕಿತು, ಗಣಿಗಾರರು ಮುಗಿಬಿದ್ದು ಬಂದರು. ಸಂತ ಯೋವಾಖಿಮನ ಹೆಸರಿನಲ್ಲಿ ಊರು 'ಯೋವಾಖಿಮ್ಸ್‌ಟಾಲ್' ಆಯಿತು. ಅದರ ಒಡೆಯರಾದ ಶ್ಲಿಕ್ ಮನೆತನದವರು 1520ರ ಹೊತ್ತಿಗೆ ಇಲ್ಲಿನ ಬೆಳ್ಳಿಯಲ್ಲಿ ದೊಡ್ಡ ನಾಣ್ಯ ಅಚ್ಚುಹಾಕಿಸಿದರು. ಒಂದು ಮುಖದಲ್ಲಿ ಸಂತ, ಇನ್ನೊಂದರಲ್ಲಿ ಬೊಹೀಮಿಯದ ಸಿಂಹ. ಹೆಸರು 'ಯೋವಾಖಿಮ್ಸ್‌ಟಾಲರ್'. ಇಷ್ಟುದ್ದದ ಹೆಸರನ್ನು ಸಂತೆಯಲ್ಲಿ ಯಾರು ಹೇಳುತ್ತಾರೆ? ಸಂತ ಉದುರಿದ, 'ಟಾಲರ್' ಉಳಿಯಿತು.

ನನಗೆ ಮೈನವಿರೇಳಿಸಿದ್ದು ಆಮೇಲಿನ ಪಯಣ. ಡಚ್ಚರು ಅದನ್ನು 'ಡಾಲ್ಡರ್' ಎಂದರು, ಇಂಗ್ಲಿಷರು 'ಡಾಲರ್' ಎಂದರು. ಅಮೆರಿಕ ಎಂಬ ದೇಶ ಹುಟ್ಟುವ ಮೊದಲೇ ಷೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕದಲ್ಲಿ ಡಾಲರಿನ ಮಾತು ಬರುತ್ತದೆ! ಸ್ಪೇನಿನ ಬೆಳ್ಳಿ ನಾಣ್ಯವನ್ನೂ ಇಂಗ್ಲಿಷರು ಅದೇ ಹೆಸರಿನಿಂದ ಕರೆದರು. 1792ರಲ್ಲಿ ಅಮೆರಿಕ ಕಾನೂನು ಮಾಡಿ ತನ್ನ ನಾಣ್ಯಕ್ಕೂ ಅದನ್ನೇ ಇಟ್ಟಿತು. ಇನ್ನೂ ಸೋಜಿಗವೆಂದರೆ, 'ಟಾಲ್'ನ ಒಡಹುಟ್ಟು ಇಂಗ್ಲಿಷಿನಲ್ಲಿ ಮೊದಲಿನಿಂದಲೂ ಇತ್ತು. ಯಾರ್ಕ್‌ಶೈರಿನ ಹಸಿರು ಕಣಿವೆಗಳು ಇಂದಿಗೂ 'ಡೇಲ್'ಗಳೇ. ಮನೆಯಲ್ಲೇ ಉಳಿದವನು ಕುರಿ ಮೇಯುವ ಕಣಿವೆಯಾದ. ದೇಶ ಸುತ್ತಿ ಬಂದ ಅಣ್ಣ ದುಡ್ಡಾಗಿದ್ದ, ತಮ್ಮನಿಗೂ ಗುರುತು ಹತ್ತಲಿಲ್ಲ. ನಮ್ಮ ಕಡೆಗೆ ಬಂದ ಮೇಲೆ ಅದೇ ಪದ ಕೊರಳನ್ನೂ ಸೇರಿತು: ಸರಕ್ಕೆ ತೂಗುವ ಪದಕವನ್ನು ನಮ್ಮ ಅಕ್ಕಸಾಲಿಗರೂ ಅಮ್ಮಂದಿರೂ 'ಡಾಲರ್' ಎಂದೇ ಕರೆಯುತ್ತಾರೆ.

ಹಳೆಯ ಟಂಕಸಾಲೆ ಈಗ ವಸ್ತುಸಂಗ್ರಹಾಲಯ. ಅದರ ಮುಂದೆ ಬಹಳ ಹೊತ್ತು ನಿಂತಿದ್ದೆ. ಈ ನೆಲದ ಔದಾರ್ಯ ಬೆಳ್ಳಿಗೇ ಮುಗಿಯಲಿಲ್ಲ. ಇಲ್ಲಿನ ಯುರೇನಿಯಂ ಅದಿರಿನ ಗಸಿಯನ್ನು ತರಿಸಿಕೊಂಡೇ ಮೇರಿ ಕ್ಯೂರಿ ಪ್ಯಾರಿಸಿನಲ್ಲಿ ರೇಡಿಯಂ ಬೇರ್ಪಡಿಸಿದರು.

ಎರಡನೆಯ ಮಹಾಯುದ್ಧದ ಬಳಿಕ ಇಲ್ಲಿನ ಜರ್ಮನ್ ಭಾಷಿಕರಲ್ಲಿ ಹೆಚ್ಚಿನವರನ್ನು ಹೊರಹಾಕಲಾಯಿತು. ತಲೆಮಾರುಗಳ ಕಾಲ ಇಲ್ಲಿ ಬೆಳ್ಳಿ ಅಗೆದವರ ಮಕ್ಕಳು, ಮೊಮ್ಮಕ್ಕಳು ಅವರು. ಅದನ್ನು ನೆನೆದರೆ ಸಂಕಟವಾಗುತ್ತದೆ. ಊರಿನ ಫಲಕದಲ್ಲಿ ಈಗಿರುವುದು ಜೆಕ್ ಹೆಸರು ಮಾತ್ರ. ನಾಣ್ಯ ಕಳೆದುಕೊಂಡ ಸಂತ ಯೋವಾಖಿಮ ಅದರಲ್ಲಿ ಇನ್ನೂ ಇದ್ದಾನೆ, 'ಟಾಲ್' ಇಲ್ಲ.