ಹಳೆ ಮನೆಗೆ ನುಗ್ಗುವ ಸದ್ದು

ಕೊಡಗಿನ ಪಾಲಿಬೆಟ್ಟದಂಥ ಊರಿನ ರಸ್ತೆಯಂಚಿನ ಹಳೆ ಹೆಂಚಿನ ಮನೆಗಳಲ್ಲಿ ದಪ್ಪ ಗೋಡೆ ದಾಟಿ ಬರುವ ಸದ್ದು ಕಡಿಮೆ. ಅದು ನುಗ್ಗುವುದು ಹೆಂಚಿನ ಸಂದು, ಬಾಗಿಲಡಿಯ ಬಿರುಕು, ತೆಳು ಗಾಜಿನ ಕಿಟಕಿಗಳಿಂದ. ಗೋಡೆ ಎಷ್ಟೇ ಗಟ್ಟಿಯಿರಲಿ, ನೂರರಲ್ಲಿ 1 ಪಾಲು ತೆರೆದಿದ್ದರೂ ತಡೆ ಸುಮಾರು 20 ಡೆಸಿಬೆಲ್‌ಗೇ ನಿಲ್ಲುತ್ತದೆ. ಹಾಗಾಗಿ ಮೊದಲು ಚೌಕಟ್ಟಿಗೆ ರಬ್ಬರ್ ಪಟ್ಟಿ, ಹೆಂಚಿನಡಿ ಸಂದಿಲ್ಲದ ಭಾರದ ಮುಚ್ಚಿಗೆ. ಹಳೆ ಮರದ ಕಿಟಕಿ ಕೀಳುವುದು ಅನ್ಯಾಯ. ಒಳಬದಿಗೆ ಅರ್ಧ ಗೇಣು ಬಿಟ್ಟು ಇನ್ನೊಂದು ಗಾಜು ಕೂರಿಸಬಹುದು. ಮಳೆಗಾಲದಲ್ಲಿ ಮರ ಉಬ್ಬುವುದರಿಂದ ಈ ಕೆಲಸಕ್ಕೆ ಬೇಸಿಗೆಯೇ ಸರಿ.

ಕಂಪನದ ದಾರಿ ಬೇರೆ. ಲಾರಿ ಗುಂಡಿಗಿಳಿದಾಗ ಏಳುವ ಅದುರು ನೆಲದೊಳಗಿಂದ ಅಡಿಪಾಯಕ್ಕೆ ಬರುತ್ತದೆ. ಅದಕ್ಕೆ ರಸ್ತೆಗುಂಡಿ ಮುಚ್ಚಿಸುವುದೇ ನಿಜವಾದ ಪರಿಹಾರ. ಮನೆಯಲ್ಲೇ ಅದುರೆಬ್ಬಿಸುವ ಕಾಫಿ ಪಲ್ಪರ್ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ), ನೀರಿನ ಮೋಟಾರುಗಳನ್ನು ಮನೆಯ ಗೋಡೆಗೆ ತಾಗದ ಬೇರೆ ಕಟ್ಟೆಯ ಮೇಲೆ, ರಬ್ಬರ್ ಮೆತ್ತೆ ಹಾಕಿ ನಿಲ್ಲಿಸಬೇಕು.